ಮನೆಗೆ ಕಾಯಿದೆ, ಅಂಗಡಿಗೆ ಬರೀ ಕರಾರು

ನ್ಯೂಯಾರ್ಕಿನಲ್ಲಿ ಬೀದಿ ಮೂಲೆಯ ದಿನಸಿ ಅಂಗಡಿಗೆ ಬೊಡೆಗಾ ಎನ್ನುತ್ತಾರೆ. ಪೋರ್ಟೊರಿಕೊದವರು ಊರಿಗೆಲ್ಲ ಹರಡಿದ, ಡೊಮಿನಿಕನ್ ವಲಸಿಗರು ಮುಂದುವರಿಸಿದ ಈ ಅಂಗಡಿಗಳಲ್ಲಿ ಸಾವಿರಾರು ಇಂದು ಯೆಮೆನ್ ಮೂಲದವರ ಕೈಯಲ್ಲಿವೆ. ಬಡವರ ಬಡಾವಣೆಗೆ ಉಳ್ಳವರು ಬಂದು ನೆಲೆಸಿ, ಬಾಡಿಗೆ ಏರಿ, ಹಳಬರು ಕದಲುವ ಪ್ರಕ್ರಿಯೆಗೆ ಜೆಂಟ್ರಿಫಿಕೇಶನ್ ಎಂದು ಹೆಸರು. ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಇದಕ್ಕೆ ಎದ್ದುಕಾಣುವ ನಿದರ್ಶನ. 2005ರಲ್ಲಿ ಅಲ್ಲಿನ ಭೂಬಳಕೆ ನಿಯಮ ಬದಲಾಯಿತು, ನದಿದಂಡೆಯ ಕಾರ್ಖಾನೆಗಳ ಜಾಗದಲ್ಲಿ ಗೋಪುರದಂಥ ವಸತಿ ಕಟ್ಟಡಗಳು ಎದ್ದವು, 2016ರಲ್ಲಿ ಹೋಲ್ ಫುಡ್ಸ್ ಸೂಪರ್‌ಮಾರ್ಕೆಟ್ ಬಾಗಿಲು ತೆರೆಯಿತು. ಇಂಥ ಕಡೆ ಹಳೆಯ ಅಂಗಡಿ ಮುಚ್ಚಿದರೆ ಹೊಸಬರ ನಾಲಿಗೆ ರುಚಿಯನ್ನು ದೂರುವುದು ವಾಡಿಕೆ. ಆದರೆ ರುಚಿಗಿಂತ ಹೆಚ್ಚಾಗಿ ಅಂಗಡಿಯ ಹಣೆಬರಹವನ್ನು ಬರೆಯುವುದು ಅದರ ಬಾಡಿಗೆ ಕರಾರು.

ಮೊದಲು ಬದಲಾಗುವುದು ಕಪಾಟು. ಅಕ್ಕಿ ಮೂಟೆ, ಬೀನ್ಸ್ ಕಾಳಿನ ಡಬ್ಬಿ, ಬಾಳೆಕಾಯಿಯ ಪಕ್ಕದಲ್ಲಿ ಓಟ್ಸ್ ಹಾಲು, ಸಾವಯವ ಮೊಟ್ಟೆ ಬರುತ್ತವೆ. ಇಷ್ಟರಿಂದ ಯಾರಿಗೂ ನಷ್ಟವಿಲ್ಲ. ಎರಡು ಬಗೆಯ ಗಿರಾಕಿಗಳನ್ನು ನಿಭಾಯಿಸುವ ಜಾಣ್ಮೆ ಅಂಗಡಿಯವರಿಗೆ ಹೊಸದೇನಲ್ಲ. ತೊಡಕು ಶುರುವಾಗುವುದು ಬಾಡಿಗೆ ಏರಿದಾಗ. ಜಾಗ ಚಿಕ್ಕದು, ಪ್ರತಿ ಅಡಿಯೂ ಹೆಚ್ಚು ಲಾಭ ಕೊಡಬೇಕು. ಅಕ್ಕಿಬೇಳೆಯ ಲಾಭ ಕಡಿಮೆ, ಕಾಫಿ ಮತ್ತು ಬಿಸಿ ಸ್ಯಾಂಡ್‌ವಿಚ್‌ನದು ಜಾಸ್ತಿ. ಬಡವರಿಗೆ ಸರ್ಕಾರ ಕೊಡುವ ಸ್ನ್ಯಾಪ್ ಆಹಾರ ನೆರವಿನ ಹಣದಲ್ಲಿ ಬಿಸಿ ತಿನಿಸು ಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ದಿನಸಿಯ ಜಾಗವನ್ನು ಬಿಸಿ ತಿನಿಸು ಆಕ್ರಮಿಸಿದಷ್ಟೂ ಹಳೆಯ ಗಿರಾಕಿಯ ನೆರವಿನ ಹಣಕ್ಕೆ ಸಿಗುವ ಸಾಮಾನು ಕಡಿಮೆಯಾಗುತ್ತದೆ. ಯಾರೂ ಅವರಿಗೆ ಹೊರಗೆ ಹೋಗಿ ಎನ್ನುವುದಿಲ್ಲ. ಅಂಗಡಿ ತಾನಾಗಿಯೇ ಅವರದಲ್ಲದಾಗುತ್ತದೆ.

ಕಾನೂನಿನ ವಿಚಿತ್ರ ಇರುವುದು ಇಲ್ಲಿ. ನ್ಯೂಯಾರ್ಕ್ ನಗರದ ಸುಮಾರು 10 ಲಕ್ಷ ಬಾಡಿಗೆ ಮನೆಗಳಿಗೆ ವರ್ಷಕ್ಕೆ ಎಷ್ಟು ಬಾಡಿಗೆ ಏರಿಸಬಹುದೆಂಬ ಮಿತಿಯಿದೆ. ಅಂಗಡಿಗಳಿಗೂ ಬಾಡಿಗೆ ನಿಯಂತ್ರಣ 1945ರಲ್ಲಿ ಬಂದಿತ್ತು, 1963ರಲ್ಲಿ ಕೊನೆಗೊಂಡಿತು. ಈಗ ಕರಾರಿನ ಅವಧಿ ಮುಗಿದರೆ ಮಾಲೀಕ ಕೇಳಿದ್ದೇ ಬಾಡಿಗೆ. ಮೇಲಿನ ಮಹಡಿಯ ಹಳೆಯ ಬಾಡಿಗೆದಾರರು ಕಾಯಿದೆಯ ಬಲದಿಂದ ಉಳಿದರೂ, ಕೆಳಗಿನ ಅಂಗಡಿ ಎದ್ದುಹೋಗಬಹುದು. ಅದರೊಂದಿಗೆ ಉದ್ರಿಯ ಲೆಕ್ಕ, ತಮ್ಮ ಭಾಷೆ ಬಲ್ಲ ಅಂಗಡಿಯವರು, ಬೀಗದ ಕೈ ಕೊಟ್ಟುಹೋಗುವ ನಂಬಿಕೆ ಎಲ್ಲವೂ ಹೋಗುತ್ತವೆ. ಮನೆ ಉಳಿದು ನೆರೆಹೊರೆ ಹೋದರೆ ಅದೂ ಒಂದು ಬಗೆಯ ಒಕ್ಕಲೆಬ್ಬಿಸುವಿಕೆಯೇ.

ಬೊಡೆಗಾವನ್ನು ಹೀಗೆ ಹೊಗಳುವುದಕ್ಕೆ ಆಕ್ಷೇಪವಿದೆ, ಅದು ಹಗುರವಾದುದಲ್ಲ. ಅಲ್ಲಿ ಹಲವು ಸಾಮಾನಿನ ಬೆಲೆ ಸೂಪರ್‌ಮಾರ್ಕೆಟ್‌ಗಿಂತ ಹೆಚ್ಚು, ತಾಜಾ ತರಕಾರಿ ಅಪರೂಪ. ದೊಡ್ಡ ಮಳಿಗೆ ಬಂದರೆ ಬಡವರಿಗೂ ಲಾಭವಲ್ಲವೇ? ಲಾಭ ನಿಜ, ಆದರೆ ಅದಕ್ಕೆ ಭರವಸೆಯಿಲ್ಲ. ಷಿಕಾಗೊದ ಬಡ ಬಡಾವಣೆ ಎಂಗಲ್‌ವುಡ್‌ನಲ್ಲಿ ಸಾರ್ವಜನಿಕ ಹಣದ ನೆರವಿನಿಂದ ಎದ್ದ ವಾಣಿಜ್ಯ ಸಂಕೀರ್ಣಕ್ಕೆ 2016ರಲ್ಲಿ ಬಂದ ಹೋಲ್ ಫುಡ್ಸ್ 2022ರಲ್ಲಿ ಹೊರಟೇಹೋಯಿತು. ಇನ್ನೊಂದು ಆಕ್ಷೇಪ: ಅಂಗಡಿಗಳು ನಿಜಕ್ಕೂ ಅಷ್ಟು ಮುಚ್ಚುತ್ತಿವೆಯೇ? ನ್ಯೂಯಾರ್ಕ್ ಕುರಿತು ಸಂಶೋಧಕಿ ರೇಚಲ್ ಮೆಲ್ಟ್ಜರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜೆಂಟ್ರಿಫಿಕೇಶನ್ ನಡೆದ ಬಡಾವಣೆಗಳಲ್ಲಿಯೂ ಬಹುಪಾಲು ಸಣ್ಣ ವ್ಯಾಪಾರಗಳು ಇದ್ದಲ್ಲೇ ಉಳಿಯುತ್ತವೆ. ಇದು ಸಮಾಧಾನದ ಮಾತು, ಆದರೆ ಅರ್ಧ ಮಾತ್ರ. ಅಂಗಡಿಯ ಫಲಕ ಉಳಿದರೂ ಒಳಗಿನ ಸಾಮಾನು ಯಾರಿಗಾಗಿ ಎಂಬುದನ್ನು ಅಂಗಡಿಗಳ ಎಣಿಕೆ ಹೇಳುವುದಿಲ್ಲ.

ಹಾಗಾದರೆ ಬಾಡಿಗೆಯನ್ನು ಕಟ್ಟಿಹಾಕಬೇಕೇ? ಅದು ಮಾಲೀಕನ ಹಕ್ಕಿಗೆ ಧಕ್ಕೆ, ದುರಸ್ತಿಗೆ ಮಾರಕ ಎಂಬ ವಾದದಲ್ಲಿ ಹುರುಳಿದೆ. ಕರಾರು ನವೀಕರಿಸುವ ಹಕ್ಕು, ಒಪ್ಪಂದವಾಗದಿದ್ದರೆ ಮಧ್ಯಸ್ಥಿಕೆ, ಇಷ್ಟನ್ನೇ ಕೇಳುವ ಮಸೂದೆಯೂ 1980ರ ದಶಕದಿಂದ ನ್ಯೂಯಾರ್ಕ್ ನಗರಸಭೆಯಲ್ಲಿ ಬೇರೆ ಬೇರೆ ರೂಪದಲ್ಲಿ ಬಂದು ಬಿದ್ದುಹೋಗುತ್ತಿದೆ. ಪ್ಯಾರಿಸ್ 2004ರಲ್ಲಿ ಬೇರೊಂದು ದಾರಿ ಹಿಡಿಯಿತು: ನಗರದ ಸಂಸ್ಥೆಯೇ ನೆಲಮಹಡಿಯ ಮಳಿಗೆಗಳನ್ನು ಕೊಂಡು ಸ್ಥಳೀಯ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡತೊಡಗಿತು. ಬಡಾವಣೆಗೆ ಹಣವಂತರು ಬರುವುದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಅವರ ಜೊತೆ ಹೊಂದಿಕೊಳ್ಳಲು ಅಂಗಡಿಗೆ ಬೇಕಾದ ಕಾಲಾವಕಾಶವನ್ನು ಮಾತ್ರ ಕಾನೂನು ಕೊಡಬಲ್ಲದು. ಮನೆಗಳ ವಿಷಯದಲ್ಲಿ ಅದು ಈಗಾಗಲೇ ಕೊಟ್ಟಿದೆ.