ಬೇಡವೆನ್ನುವ ನರಗಳು

ಚಲನೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪ್ರೇರಣೆ: ನರವು ಆಜ್ಞಾಪಿಸುತ್ತದೆ, ಸ್ನಾಯು ಸಂಕುಚಿಸುತ್ತದೆ. ಆದರೆ ‘ಮಾಡು’ ಎಂಬ ಆಜ್ಞೆಯಷ್ಟೇ ‘ಬೇಡ’ ಎಂಬ ಆಜ್ಞೆಯೂ ಅವಶ್ಯಕವೆಂಬುದನ್ನು ಜೀಬ್ರಾ ಮೀನಿನ ಮರಿ ತೋರಿಸಿಕೊಟ್ಟಿದೆ.

ಮೈಮೇಲೆ ನೀಲಿ ಪಟ್ಟೆಗಳಿರುವ ಈ ಪುಟ್ಟ ಮೀನು ನಮ್ಮ ದೇಶದ್ದೇ. ಹಿಂದೆ ಮೈಸೂರು ಸೀಮೆಯನ್ನು ಸುತ್ತಿ ಪ್ರವಾಸಕಥನ ಬರೆದ ಫ್ರಾನ್ಸಿಸ್ ಬುಕಾನನ್ನನೇ, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದು, 1822ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಇದರ ಭ್ರೂಣ ಗಾಜಿನಂತೆ ಪಾರದರ್ಶಕ. ನರವ್ಯೂಹ ರೂಪುಗೊಳ್ಳುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣಬಹುದು. ಮೊಟ್ಟೆ ಫಲಿತವಾದ ಸುಮಾರು 17 ಗಂಟೆಗಳಲ್ಲಿಯೇ ಭ್ರೂಣ ತನ್ನ ಬಾಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುರುಳಿ ಸುತ್ತತೊಡಗುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ.

ಈಜುವಾಗ ಎಡಪಾರ್ಶ್ವದ ಸ್ನಾಯು ಬಿಗಿದರೆ ಬಲಪಾರ್ಶ್ವದ್ದು ಸಡಿಲಗೊಳ್ಳಬೇಕು. ಮರುಕ್ಷಣವೇ ಇದರ ವಿಪರ್ಯಯ. ಈ ಸರದಿಯನ್ನು ಕಾಯುವವು ಬೆನ್ನುಹುರಿಯ ಪ್ರತಿಬಂಧಕ ನರಕೋಶಗಳು. ಇವುಗಳಲ್ಲಿ ಕೆಲವು ತಮ್ಮ ತಂತುಗಳನ್ನು ಎದುರು ಪಾರ್ಶ್ವಕ್ಕೆ ಚಾಚಿ, ಗ್ಲೈಸೀನ್ ಎಂಬ ರಾಸಾಯನಿಕವನ್ನು ಸ್ರವಿಸಿ, ಅಲ್ಲಿಯ ನರಕೋಶಗಳನ್ನು ಕ್ಷಣಕಾಲ ಸುಮ್ಮನಿರಿಸುತ್ತವೆ.

ಈ ತಡೆ ಇಲ್ಲವಾದರೆ ಏನಾದೀತು? ಗ್ಲೈಸೀನನ್ನು ಗ್ರಹಿಸುವ ಪ್ರೋಟೀನು ಕೆಟ್ಟಿರುವ ಮೀನಿನ ತಳಿಯೊಂದನ್ನು ವಿಜ್ಞಾನಿಗಳು 2005ರಲ್ಲಿ ವಿವರಿಸಿದರು. ಆ ಮರಿಯನ್ನು ಮುಟ್ಟಿದರೆ ಎರಡೂ ಪಾರ್ಶ್ವಗಳು ಏಕಕಾಲಕ್ಕೆ ಬಿಗಿದು, ಮೈ ಹಾರ್ಮೋನಿಯಮ್ಮಿನ ತಿದಿಯಂತೆ ಮುದುಡುತ್ತದೆ. ಬಲಕ್ಕೇನೂ ಕೊರತೆಯಿಲ್ಲ, ಆದರೂ ಮೀನು ಇದ್ದಲ್ಲಿಂದ ಮುಂದೆ ಸಾಗದು. ತಿದಿಯುಳ್ಳ ಪಾಶ್ಚಾತ್ಯ ವಾದ್ಯವೊಂದರ ಹೆಸರನ್ನೇ ಈ ತಳಿಗಿಟ್ಟು ‘ಬ್ಯಾಂಡೋನಿಯನ್’ ಎಂದು ಕರೆದಿದ್ದಾರೆ.

ಮಲೆನಾಡಿಗರು ಬಲ್ಲ ಕಾಸರಕದ ಬೀಜ ವಿಷವಾಗಿರುವುದೂ ಇದೇ ಕಾರಣದಿಂದ. ಅದರಲ್ಲಿರುವ ಸ್ಟ್ರಿಕ್ನೀನ್ ಎಂಬ ವಸ್ತು ಗ್ಲೈಸೀನಿನ ಕೆಲಸಕ್ಕೆ ಅಡ್ಡಬರುತ್ತದೆ. ‘ಬೇಡ’ವೆನ್ನುವ ನರಗಳ ಮಾತು ಕೇಳಿಸದೆ ಸ್ನಾಯುಗಳೆಲ್ಲ ಒಮ್ಮೆಗೇ ಸೆಟೆದುಕೊಳ್ಳುತ್ತವೆ.

ಹುಟ್ಟಿನಿಂದಲೇ ಇಂಥ ಕೊರತೆಯುಳ್ಳ ಮಕ್ಕಳೂ ಉಂಟು. ಬಾಗಿಲು ಬಡಿದ ಸದ್ದಿಗೇ ಆ ಶಿಶು ಬೆಚ್ಚಿ, ಮರದ ಕೊರಡಿನಂತೆ ಸೆಟೆಯುತ್ತದೆ. ಕೆಲವೊಮ್ಮೆ ಉಸಿರೂ ಕಟ್ಟುತ್ತದೆ. ಆನುವಂಶಿಕವಾದ ಈ ಅಪರೂಪದ ವ್ಯಾಧಿಗೆ ಗ್ಲೈಸೀನನ್ನು ಗ್ರಹಿಸುವ ಪ್ರೋಟೀನಿನ ದೋಷವೇ ಮುಖ್ಯ ಕಾರಣವೆಂದು 1993ರಲ್ಲಿ ತಿಳಿದುಬಂದಿತು. ಇದನ್ನು ಅಪಸ್ಮಾರವೆಂದು ತಪ್ಪಾಗಿ ಭಾವಿಸುವುದುಂಟು. ಸಕಾಲದಲ್ಲಿ ಗುರುತಿಸಿದರೆ ಭಯಪಡಬೇಕಾದುದಿಲ್ಲ: ದೇಹದ ಮತ್ತೊಂದು ಪ್ರತಿಬಂಧಕ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುವ ಕ್ಲೊನಜೆಪಾಮ್ ಎಂಬ ಔಷಧದಿಂದ, ವೈದ್ಯರ ಆರೈಕೆಯಲ್ಲಿ, ಮಗುವಿನ ಬಿಗಿತ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ.