ಆತ್ಮರಕ್ಷಣೆಗೆ ರಿವಾಲ್ವರೇ, ಪಿಸ್ತೂಲೇ? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

2024ರ ಏಪ್ರಿಲ್ 14ರ ನಸುಕಿನಲ್ಲಿ ಬಾಂದ್ರಾ ಪಶ್ಚಿಮದ ಗ್ಯಾಲಕ್ಸಿ ಅಪಾರ್ಟ್‌ಮೆಂಟ್‌ನಲ್ಲಿರುವ ನಟ ಸಲ್ಮಾನ್ ಖಾನ್ ಅವರ ಮನೆಯತ್ತ ಮೋಟಾರ್ ಸೈಕಲ್‌ನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಅದೇ ವರ್ಷದ ಅಕ್ಟೋಬರ್ 12ರ ರಾತ್ರಿ ಬಾಂದ್ರಾ ಪೂರ್ವದಲ್ಲಿ ಮಾಜಿ ಸಚಿವ ಬಾಬಾ ಸಿದ್ದೀಕಿ ಗುಂಡೇಟಿಗೆ ಬಲಿಯಾದರು. 2025ರ ಜನವರಿ 16ರ ನಡುರಾತ್ರಿ ನಟ ಸೈಫ್ ಅಲಿ ಖಾನ್ ಅವರ ಬಾಂದ್ರಾ ನಿವಾಸಕ್ಕೆ ನುಗ್ಗಿದ ಆಗಂತುಕನೊಬ್ಬ ಅವರನ್ನು ಚೂರಿಯಿಂದ ಇರಿದನು. ಹೆಸರಾಂತರ ಗತಿಯೇ ಹೀಗಾದರೆ ನಮ್ಮಂತಹ ಸಂಸಾರಸ್ಥರ ಪಾಡೇನು, ಮನೆಯಲ್ಲೊಂದು ಪಿಸ್ತೂಲು ಇದ್ದರೆ ಒಳಿತಲ್ಲವೇ ಎಂಬ ಯೋಚನೆ ಈ ಪರಿಸರದ ಕುಟುಂಬಗಳಲ್ಲಿ ಮೂಡುವುದು ಸಹಜ. ಈ ಯೋಚನೆಯನ್ನು ಭಯದಿಂದಲೂ ಅಲ್ಲ, ಸಿನಿಮಾದ ಮೋಹದಿಂದಲೂ ಅಲ್ಲ, ತಿಳಿವಳಿಕೆಯಿಂದ ಪರಿಶೀಲಿಸಬೇಕೆಂಬುದು ನಮ್ಮ ಆಶಯ.

ಲೈಸೆನ್ಸ್ ಮೊದಲು, ಆಯುಧ ಅನಂತರ

ನಮ್ಮ ದೇಶದಲ್ಲಿ ಬಂದೂಕು ಹೊಂದುವುದು ಪ್ರಜೆಯ ಮೂಲಭೂತ ಹಕ್ಕಲ್ಲ. ಅದು ಸರಕಾರ ಪರಿಶೀಲಿಸಿ ನೀಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯಿದೆ ಹಾಗೂ 2016ರ ನಿಯಮಾವಳಿಗಳ ಪ್ರಕಾರ ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮುಂಬಯಿಯಲ್ಲಿ ಲೈಸೆನ್ಸ್ ನೀಡುವ ಅಧಿಕಾರ ಪೊಲೀಸ್ ಆಯುಕ್ತರದು. ತಮಗಿರುವ ಬೆದರಿಕೆ ಏನೆಂಬುದನ್ನು ಅರ್ಜಿಯಲ್ಲಿ ವಿವರಿಸಬೇಕು. ಅನಂತರ ಸ್ಥಳೀಯ ಠಾಣೆಯವರ ವಿಚಾರಣೆ, ವೈದ್ಯರ ಪ್ರಮಾಣಪತ್ರ, ಆಯುಧ ನಿರ್ವಹಣೆಯ ತರಬೇತಿ ಇತ್ಯಾದಿ ಹಂತಗಳಿವೆ. ಸಲ್ಮಾನ್ ಖಾನ್ ಅವರೂ ಬೆದರಿಕೆ ಪತ್ರ ಬಂದ ಬಳಿಕ ಇದೇ ದಾರಿಯಲ್ಲಿ ಅರ್ಜಿ ಸಲ್ಲಿಸಿ 2022ರಲ್ಲಿ ಲೈಸೆನ್ಸ್ ಪಡೆದರು.

2019ರ ತಿದ್ದುಪಡಿಯಿಂದ ಕಾನೂನು ಮತ್ತಷ್ಟು ಬಿಗಿಯಾಗಿದೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆ, ಉತ್ಸವಗಳ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಲೈಸೆನ್ಸ್ ಇಲ್ಲದೆ ಕಳ್ಳ ದಾರಿಯಲ್ಲಿ ‘ಕಟ್ಟಾ’ ಕೊಂಡು ಮನೆಯಲ್ಲಿಡುವ ವಿಚಾರವನ್ನಂತೂ ಮನಸ್ಸಿನಲ್ಲಿಯೂ ತರಬಾರದು. ಅದು ಜೈಲಿನ ದಾರಿ ಮಾತ್ರವಲ್ಲ, ಕೈಯಲ್ಲೇ ಸಿಡಿಯಬಹುದಾದ ವಸ್ತುವೂ ಹೌದು.

ಎರಡರ ಗುಣದೋಷ

ಸೇನೆ, ಪೊಲೀಸರು ಬಳಸುವ 9 ಮಿಲಿಮೀಟರ್ ಪಿಸ್ತೂಲು ನಾಗರಿಕರಿಗೆ ನಿಷಿದ್ಧ. ನಮಗೆ ದೊರೆಯುವುದು ಮುಖ್ಯವಾಗಿ .32 ಮತ್ತು .22 ಅಳತೆಯವು. 1980ರ ದಶಕದ ಮಧ್ಯಭಾಗದಿಂದ ನಾಗರಿಕರಿಗಾಗಿ ವಿದೇಶೀ ಆಯುಧಗಳ ಆಮದು ನಿಂತಿರುವುದರಿಂದ ಹಳೆಯ ವಿದೇಶೀ ಪಿಸ್ತೂಲುಗಳಿಗೆ ವಿಪರೀತ ಬೆಲೆ. ಬೆಲೆ ಹೆಚ್ಚೆಂಬ ಮಾತ್ರಕ್ಕೆ ಆಯುಧ ನಂಬಿಕೆಗೆ ಅರ್ಹವೆಂದು ತಿಳಿಯಬಾರದು. ಸ್ಪ್ರಿಂಗ್ ಸವೆದ, ಬಿಡಿಭಾಗ ಸಿಗದ ಆಯುಧ ಎಷ್ಟೇ ಹೆಸರುವಾಸಿಯಾದರೂ ಆಪತ್ತಿಗೆ ಒದಗದು.

ರಿವಾಲ್ವರಿನಲ್ಲಿ ತಿರುಗುವ ಗುಂಡಾಲಿಯೊಂದಿದ್ದು ಅದರಲ್ಲಿ ಸಾಮಾನ್ಯವಾಗಿ ಆರು ಕಾಡತೂಸುಗಳಿರುತ್ತವೆ. ಒಂದು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದೊಡನೆ ಮುಂದಿನದು ಬರುತ್ತದೆ. ತುಂಬಿದೆಯೋ ಖಾಲಿಯೋ ಎಂಬುದು ತೆರೆದು ನೋಡಿದರೆ ಗೊತ್ತಾಗುತ್ತದೆ. ಪಿಸ್ತೂಲು ಚಪ್ಪಟೆಯಾಗಿದ್ದು ಕೊಂಡೊಯ್ಯಲು ಸುಲಭ. ಮ್ಯಾಗಜಿನ್ ಬದಲಿಸಿದರೆ ಕ್ಷಣದಲ್ಲಿ ಮತ್ತೆ ಸಿದ್ಧ. ಆದರೆ ಕಾಡತೂಸು ಸಿಕ್ಕಿಕೊಂಡರೆ ಅದನ್ನು ಬಿಡಿಸಲು ಅಭ್ಯಾಸ ಬೇಕು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಹಿಂಬದಿಯಲ್ಲಿ ಒಂದು ಕಾಡತೂಸು ಉಳಿದಿರಬಹುದು. ‘ಖಾಲಿ’ ಎಂದು ನಂಬಿದ ಪಿಸ್ತೂಲಿನಿಂದ ಜೀವ ಹೋಗುವುದು ಹೀಗೆಯೇ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಆಯುಧವನ್ನು ಕೈಗೆತ್ತಿಕೊಳ್ಳುವವರಿಗೆ ರಿವಾಲ್ವರ್ ಹೆಚ್ಚು ಸೂಕ್ತವೆಂಬುದು ಆದ್ದರಿಂದಲೇ ನಮ್ಮ ಅಭಿಪ್ರಾಯ. ಎರಡಕ್ಕೂ .32 ಎಂಬ ಹೆಸರಿದ್ದರೂ ರಿವಾಲ್ವರಿನ ಕಾಡತೂಸು ಬೇರೆ, ಪಿಸ್ತೂಲಿನದು ಬೇರೆ ಎಂಬುದೂ ನೆನಪಿರಲಿ.

ಸ್ವದೇಶೀ ತಯಾರಿಕೆಗಳಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯಿಂದ 2014ರಲ್ಲಿ ಹೊರಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಮಹಿಳೆಯರಿಗೆ ಅನುಕೂಲವೆಂದು ಪ್ರಚಾರಗೊಂಡರೂ ಆಗಲೇ ಅದರ ಬೆಲೆ ಲಕ್ಷ ರೂಪಾಯಿ ದಾಟಿತ್ತು. 2023ರ ಆಗಸ್ಟ್‌ನಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನ ಗುಂಡಾಲಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಗುರವಾದ ಆಯುಧ ಕೈಚೀಲದಲ್ಲಿ ಸುಲಭವಾಗಿ ಕುಳಿತರೂ ಸಿಡಿದಾಗ ಹೆಚ್ಚು ಒದೆಯುತ್ತದೆ. ಹೀಗಾಗಿ ಅದನ್ನು ಬಳಸಬೇಕಾದವರೇ ಹಿಡಿದು ನೋಡಿ, ಬೆರಳು ಟ್ರಿಗರನ್ನು ಸಲೀಸಾಗಿ ಎಳೆಯುವುದೇ ಎಂದು ಪರೀಕ್ಷಿಸಿ ಆಯ್ಕೆ ಮಾಡಬೇಕು.

ಮನೆಯೊಳಗಿನ ಅಪಾಯ

2024ರ ಅಕ್ಟೋಬರ್ 1ರ ಮುಂಜಾನೆ ಜುಹೂವಿನ ಮನೆಯಲ್ಲಿ ನಟ ಗೋವಿಂದ ಅವರು ಪ್ರಯಾಣಕ್ಕೆ ಹೊರಡುವ ಮುನ್ನ ತಮ್ಮ ಲೈಸೆನ್ಸ್ ಇರುವ ರಿವಾಲ್ವರನ್ನು ಕಪಾಟಿನಲ್ಲಿಡುತ್ತಿದ್ದಾಗ ಅದು ಕೈಜಾರಿ ಸಿಡಿದು ಕಾಲಿಗೆ ಗುಂಡು ತಗಲಿತು. ಹಳೆಯ ಮಾದರಿಯ ಎಷ್ಟೋ ರಿವಾಲ್ವರುಗಳಲ್ಲಿ ಬಡಿಯುವ ಕುದುರೆಗೂ ಕಾಡತೂಸಿಗೂ ನಡುವೆ ತಡೆ ಇರುವುದಿಲ್ಲ. ನೆಲಕ್ಕೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಅಂತಹ ತಡೆ ಇದೆಯೇ ಎಂಬುದು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಮನೆಯಲ್ಲಿಡುವಾಗ ಕಾಡತೂಸು ತೆಗೆದು, ಆಯುಧವನ್ನೂ ಕಾಡತೂಸನ್ನೂ ಬೇರೆ ಬೇರೆ ಬೀಗದಲ್ಲಿಡುವುದು ಮಕ್ಕಳಿರುವ ಮನೆಗೆ ಕಡ್ಡಾಯವೆಂದೇ ತಿಳಿಯಬೇಕು.

ಇಲ್ಲಿಯೇ ನಿಜವಾದ ಇಕ್ಕಟ್ಟು ಇರುವುದು. ಬೀಗದಲ್ಲಿರುವ ರಿವಾಲ್ವರ್ ಆಪತ್ತಿನ ಕ್ಷಣದಲ್ಲಿ ಕೈಗೆ ಸಿಗದು. ತುಂಬಿ ದಿಂಬಿನಡಿ ಇಟ್ಟರೆ ಅದೇ ಆಪತ್ತು. ಸೈಫ್ ಅವರ ಮನೆಯಲ್ಲಿ ಆಗಂತುಕನನ್ನು ಮೊದಲು ಕಂಡದ್ದು ಮಗುವಿನ ಕೋಣೆಯಲ್ಲಿದ್ದ ದಾದಿ. ಕತ್ತಲು, ಮಗು, ಕೆಲಸದವರು, ಕೈಕೈ ಮಿಲಾಯಿಸಿದ ಹೋರಾಟ — ಇವುಗಳ ನಡುವೆ ಗುಂಡು ಹಾರಿಸಿದ್ದರೆ ಅದು ಯಾರಿಗೆ ತಗಲುತ್ತಿತ್ತು? ಬಾಬಾ ಸಿದ್ದೀಕಿ ಅವರೊಂದಿಗೆ ಪೊಲೀಸ್ ರಕ್ಷಕರಿದ್ದರೂ ಹಠಾತ್ ದಾಳಿಯಿಂದ ಅವರನ್ನು ಉಳಿಸಲಾಗಲಿಲ್ಲ. ತರಬೇತಾದವರಿಗೇ ಆಗದ್ದು ವರ್ಷಕ್ಕೊಮ್ಮೆ ಆಯುಧ ಒರೆಸುವ ನಮಗೆ ಆದೀತೇ?

ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಈ ಕುರಿತಾಗಿವೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹೊಡೆದವನು ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತದೆ.

ಕೊಡಗಿನಿಂದ ಕಲಿಯಬಹುದಾದುದು

ನಮ್ಮ ನಾಡಿನಲ್ಲಿಯೇ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ವಸ್ತು, ಹಿರಿಯರು ಕಿರಿಯರಿಗೆ ಕಲಿಸಿಕೊಡುವ ವಿದ್ಯೆ. ಆಯುಧದ ಹಿಂದೆ ಅಂತಹ ಶಿಸ್ತು ಇರಬೇಕು. ಫ್ಲ್ಯಾಟಿನ ಕಪಾಟಿನಲ್ಲಿ ಗುಟ್ಟಾಗಿ ಮಲಗಿರುವ ಪಿಸ್ತೂಲಿಗೆ ಆ ಶಿಸ್ತಿನ ಬೆಂಬಲವಿರುವುದಿಲ್ಲ.

ಹಿಂದೆ ಹಫ್ತಾದ ಹಾವಳಿಯ ಕಾಲದಲ್ಲಿ ಲೈಸೆನ್ಸ್ ಪಡೆದ ಹಿರಿಯರು ಮನೆಯಲ್ಲಿದ್ದರೆ, ಲೈಸೆನ್ಸ್ ನವೀಕರಣವಾಗಿದೆಯೇ ಎಂದು ಇಂದೇ ನೋಡಿರಿ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಅವರ ಆಯುಧ ತಾನಾಗಿ ಮಕ್ಕಳದಾಗುವುದಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಜಮೆ ಮಾಡಿ ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ಎಪ್ಪತ್ತು ವರ್ಷ ತುಂಬಿದವರು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸುವ ಅವಕಾಶವೂ ನಿಯಮದಲ್ಲಿದೆ.

ನಿರ್ದಿಷ್ಟ ಬೆದರಿಕೆ ಇರುವವರು ಲೈಸೆನ್ಸ್ ಪಡೆಯಲಿ. ತಡೆಯಿರುವ ಹೊಸ ರಿವಾಲ್ವರ್ ಕೊಳ್ಳಲಿ, ತಪ್ಪದೆ ಅಭ್ಯಾಸ ಮಾಡಲಿ. ಉಳಿದ ನಮಗೆ ಮಾಡಬೇಕಾದ ಕೆಲಸ ಸೊಸೈಟಿಯಲ್ಲಿಯೇ ಸಾಕಷ್ಟಿದೆ. ಸೈಫ್ ಅವರ ಮನೆಗೆ ಬಂದವನು ಬೆಂಕಿ ಅನಾಹುತದ ಸಮಯಕ್ಕೆಂದು ಇರುವ ಮೆಟ್ಟಿಲನ್ನು ಬಳಸಿದ್ದನೆಂದು ಪೊಲೀಸರು ತಿಳಿಸಿದ್ದರು. ನಮ್ಮ ಕಟ್ಟಡದ ಆ ಮೆಟ್ಟಿಲಿನಲ್ಲಿ ದೀಪವಿದೆಯೇ, ಕ್ಯಾಮೆರಾ ಕೆಲಸ ಮಾಡುತ್ತಿದೆಯೇ, ರಾತ್ರಿಯ ವಾಚ್‌ಮನ್ ಎಚ್ಚರವಿರುವನೇ, ಮಲಗುವ ಕೋಣೆಯ ಬಾಗಿಲಿಗೆ ಗಟ್ಟಿ ಚಿಲಕವಿದೆಯೇ, 112ಕ್ಕೆ ಕರೆ ಮಾಡಬೇಕೆಂದು ಮಕ್ಕಳಿಗೆ ಗೊತ್ತೇ? ಸೊಸೈಟಿಯ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತಬೇಕೆಂದು ಬಂಧುಗಳಲ್ಲಿ ನಮ್ಮ ವಿನಂತಿ.