ಗಿಟ್: ಹಲವರ ಕೋಡಿಗೆ ಒಂದೇ ಇತಿಹಾಸ

ಹಲವರು ಸೇರಿ ಬರೆಯುವ ಕೋಡಿನಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ದಾಖಲಿಸಿಡುವ ತಂತ್ರಾಂಶವೇ ಗಿಟ್. ಲಿನಕ್ಸ್ ಕರ್ನೆಲ್ ತಂಡಕ್ಕೆ ಅದು ಬಳಸುತ್ತಿದ್ದ ಇಂಥದೇ ತಂತ್ರಾಂಶ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಅನ್ನು ಬರೆಯತೊಡಗಿದರು. ಅದೇ ವರ್ಷದ ಜುಲೈನಿಂದ ಇದರ ಉಸ್ತುವಾರಿ ಜುನಿಯೊ ಹಮಾನೊ ಅವರದು. ಕೋಡೂ ಅದರ ಇತಿಹಾಸವೂ ಇರುವ ಜಾಗಕ್ಕೆ ರೆಪಾಸಿಟರಿ ಎನ್ನುತ್ತಾರೆ.

ತಂಡಕ್ಕೆ ಹೊಸದಾಗಿ ಸೇರಿದವರ ಮೊದಲ ಆದೇಶ ‘ಗಿಟ್ ಕ್ಲೋನ್’. ಅದು ಇಡೀ ರೆಪಾಸಿಟರಿಯನ್ನು ಇತಿಹಾಸ ಸಮೇತ ಸ್ವಂತ ಕಂಪ್ಯೂಟರಿಗೆ ಇಳಿಸುತ್ತದೆ. ಹಾಗಾಗಿ ಇಂಟರ್‌ನೆಟ್ ಇಲ್ಲದಾಗಲೂ ಹಳೆಯ ದಾಖಲೆಗಳನ್ನು ‘ಗಿಟ್ ಲಾಗ್’ ಮೂಲಕ ಓದಬಹುದು, ಹೊಸದನ್ನು ಸೇರಿಸಬಹುದು.

ಬದಲಾದ ಫೈಲುಗಳು ಯಾವುವೆಂದು ‘ಗಿಟ್ ಸ್ಟೇಟಸ್’ ತಿಳಿಸುತ್ತದೆ. ಬದಲಾದ ಸಾಲುಗಳನ್ನು ‘ಗಿಟ್ ಡಿಫ್’ ತೋರಿಸುತ್ತದೆ. ದಾಖಲಾಗಬೇಕಾದವನ್ನು ‘ಗಿಟ್ ಆಡ್’ ಆರಿಸಿಡುತ್ತದೆ, ‘ಗಿಟ್ ಕಮಿಟ್’ ದಾಖಲಿಸುತ್ತದೆ. ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಗುರುತು ಇರುತ್ತದೆ, ಜೊತೆಗೆ ಬರೆದವರ ಟಿಪ್ಪಣಿ. ಈ ಟಿಪ್ಪಣಿಯನ್ನು ಅವಸರದಲ್ಲಿ ಗೀಚುವವರೇ ಹೆಚ್ಚು. ‘ಸರಿಪಡಿಸಲಾಗಿದೆ’ ಎಂದಷ್ಟೇ ಇದ್ದರೆ ಮುಂದೆ ದೋಷ ಹುಡುಕುವವರಿಗೆ ಅದರಿಂದ ಏನೂ ಸಿಗದು. ಏನು ಬದಲಾಯಿತೆಂದು ಕೋಡೇ ಹೇಳುತ್ತದೆ. ಏಕೆ ಬದಲಾಯಿತೆಂದು ಟಿಪ್ಪಣಿ ಹೇಳಬೇಕು.

ಇಲ್ಲಿಯವರೆಗಿನದೆಲ್ಲ ಸ್ವಂತ ಯಂತ್ರದೊಳಗಿನ ಕೆಲಸ. ಅದನ್ನು ತಂಡಕ್ಕೆ ತಲುಪಿಸುವುದು ‘ಗಿಟ್ ಪುಶ್’. ಅಷ್ಟರಲ್ಲಿ ಬೇರೊಬ್ಬರು ಅದೇ ಶಾಖೆಗೆ, ಅಂದರೆ ಕಮಿಟ್‌ಗಳ ಅದೇ ಸರಣಿಗೆ, ತಮ್ಮ ಕೆಲಸ ಸೇರಿಸಿದ್ದರೆ ಆ ಪುಶ್ ಅನ್ನು ಗಿಟ್ ತಿರಸ್ಕರಿಸುತ್ತದೆ. ಆಗ ‘ಗಿಟ್ ಪುಲ್’ ಕೊಟ್ಟು ಅವರ ಬದಲಾವಣೆಗಳನ್ನು ಮೊದಲು ಸೇರಿಸಿಕೊಳ್ಳಬೇಕು. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ ಗಿಟ್ ತಾನೇ ತೀರ್ಮಾನಿಸುವುದಿಲ್ಲ. ಎರಡೂ ಪಾಠಗಳನ್ನು ಗುರುತು ಹಾಕಿ ಫೈಲಿನಲ್ಲೇ ಇಡುತ್ತದೆ. ಯಾವುದು ಉಳಿಯಬೇಕೆಂದು ಮನುಷ್ಯರೇ ಓದಿ, ಬೇಕಿದ್ದರೆ ಮಾತಾಡಿಕೊಂಡು, ಮತ್ತೆ ಕಮಿಟ್ ಮಾಡಬೇಕು.

ಇಂಥ ಘರ್ಷಣೆ ಕಡಿಮೆಯಾಗಲು ಪ್ರತಿ ಕೆಲಸಕ್ಕೂ ಪ್ರತ್ಯೇಕ ಶಾಖೆ ತೆರೆಯುವುದು ರೂಢಿ. 2019ರಲ್ಲಿ ಬಂದ ‘ಗಿಟ್ ಸ್ವಿಚ್’ ಶಾಖೆಯಿಂದ ಶಾಖೆಗೆ ಕರೆದೊಯ್ಯುತ್ತದೆ, ‘ಗಿಟ್ ಮರ್ಜ್’ ಅವುಗಳನ್ನು ಕೂಡಿಸುತ್ತದೆ.

ತಪ್ಪು ಕಮಿಟ್ ಈಗಾಗಲೇ ತಂಡವನ್ನು ತಲುಪಿದ್ದರೆ ‘ಗಿಟ್ ರಿವರ್ಟ್’ ಸುರಕ್ಷಿತ: ಹಳೆಯದನ್ನು ಅಳಿಸದೆ, ಅದನ್ನು ರದ್ದುಪಡಿಸುವ ಹೊಸ ಕಮಿಟ್ ಸೇರಿಸುತ್ತದೆ. ‘ಗಿಟ್ ರಿಸೆಟ್’ ಶಾಖೆಯನ್ನೇ ಹಿಂದಕ್ಕೆ ಸರಿಸುತ್ತದೆ; ಬಳಿಕ ಗಿಟ್‌ನ ತಿರಸ್ಕಾರವನ್ನು ಮೀರುವ ಒತ್ತಾಯದ ಪುಶ್ ಕೊಟ್ಟರೆ ಸಹೋದ್ಯೋಗಿಗಳ ಕಮಿಟ್‌ಗಳು ಹಂಚಿಕೊಂಡ ಶಾಖೆಯಿಂದ ಕಣ್ಮರೆಯಾಗಬಹುದು. ತಂಡದ ಮುಖ್ಯ ಶಾಖೆಯ ಮೇಲೆ ಒತ್ತಾಯದ ಪುಶ್ ಬೇಡವೇ ಬೇಡ.